ಬೆನ್ನಿಗೆ ಬಿದ್ದ ಚೆಂಡು

ಭದ್ರಾವತಿ ಬಸ್ಸಿನಲ್ಲಿ ಆಧಾರ್ ಕಾರ್ಡ್ ಹುಡುಕುವುದಕ್ಕೆಂದು ವ್ಯಾನಿಟಿ ಬ್ಯಾಗಿಗೆ ಕೈ ಹಾಕಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದಮೇಲೆ ನನ್ನ ಬ್ಯಾಗಿನಲ್ಲಿ ಆ ಕಾರ್ಡಿಗೆ ಇರುವಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಆದರೆ ಬೇಕಾದಾಗ ಕೈಗೆ ಸಿಗುವ ಅಭ್ಯಾಸ ಅದಕ್ಕಿಲ್ಲ. ಕನ್ನಡಕದ ಡಬ್ಬಿ ಬಂತು, ಶುಗರ್ ಮಾತ್ರೆ ಬಂತು, ಮಂಡಿಗೆ ಹಾಕುವ ಪಟ್ಟಿ ಬಂತು. ಅದರ ಬೆನ್ನಿಗೇ ಒಂದು ಕಪ್ಪು ರಬ್ಬರ್ ಚೆಂಡು ಜಾರಿ ಕೆಳಗೆ ಬಿತ್ತು. ಸಣ್ಣ ನಿಂಬೆಹಣ್ಣಿನಷ್ಟು ಗಾತ್ರ, ಮೈಮೇಲೆ ಎರಡು ಹಳದಿ ಚುಕ್ಕೆ. ಚೆಂಡು ಎಂದಮೇಲೆ ಪುಟಿಯಬೇಕಲ್ಲವೆ? ಇದು ತೊಪ್ಪೆಂದು ಬಿದ್ದು, ಬಿದ್ದಲ್ಲೇ ಕೂತಿತು. ಕಂಡಕ್ಟರ್ ಎತ್ತಿಕೊಂಡು, ಹಿಚುಕಿ, ಮೂಸಿ ನೋಡಿದ.

"ಏನ್ ಮೇಡಂ ಇದು? ದನಕ್ಕೆ ಕೊಡೋ ಮಾತ್ರೆನಾ?"

"ಚೆಂಡು ಕಣಪ್ಪ. ಸ್ಕ್ವಾಷ್ ಆಡೋ ಚೆಂಡು."

"ಪುಟಿಯೋದೇ ಇಲ್ವಲ್ಲ."

"ಬಿಸಿ ಆದ್ರೆ ಪುಟಿಯುತ್ತೆ."

ಅವನು ನನ್ನ ಬಿಳಿಕೂದಲು, ಹೊಸ ಬೂಟು, ತೊಡೆಯ ಮೇಲಿದ್ದ ರಾಕೆಟ್ಟಿನ ಚೀಲ ಎಲ್ಲವನ್ನೂ ಒಂದು ಸುತ್ತು ನೋಡಿ, "ಮೊಮ್ಮಗ ಆಡ್ತಾನಾ?" ಎಂದ. ಹೂಂ ಎಂದುಬಿಟ್ಟೆ. ನನಗೆ ಮೊಮ್ಮಗನೇ ಇಲ್ಲ. ಆ ಭಾನುವಾರದ ಬೆಳಿಗ್ಗೆ, ಆಡುವವಳು ನಾನೇ ಎಂದು ಹೇಳಿಕೊಳ್ಳುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನೀವು ಕಿಟಕಿ ಪಕ್ಕ ಕೂತುಕೊಳ್ಳಿ, ಮಾಚೇನಹಳ್ಳಿ ದಾಟುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಮಧ್ಯೆ ಎರಡು ವರ್ಷ ಭದ್ರಾವತಿಗೆ ಡೆಪ್ಯುಟೇಷನ್ ಹಾಕಿದ್ದರು, ಆಗ ಇದೇ ದಾರಿಯಲ್ಲಿ ಬಸ್ಸಿನಲ್ಲಿ ಕೂತು ಪೇಪರ್ ತಿದ್ದುತ್ತಿದ್ದೆ. ಉಳಿದದ್ದೆಲ್ಲ ಶಿವಮೊಗ್ಗವೇ. ಪರಿಣಾಮ ಏನೆಂದರೆ, ನಮ್ಮ ಊರಿನಲ್ಲಿ ನಾನು ಎಲ್ಲಿಗೆ ಹೋದರೂ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ. ಬ್ಯಾಂಕಿನಲ್ಲಿ, ಪೊಲೀಸ್ ಸ್ಟೇಷನ್ನಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದವನೂ ನನ್ನನ್ನು ಕಂಡು "ನಮಸ್ಕಾರ ಮಿಸ್" ಎನ್ನಲು ಎದ್ದು ಕೂತು, ಡಾಕ್ಟರಿಂದ ಬೈಸಿಕೊಂಡ. ನಿವೃತ್ತಿಯಾದ ವರ್ಷವೇ ಸಕ್ಕರೆ ಕಾಯಿಲೆ ಬಂತು. ತೋರಿಸಲು ಹೋದರೆ ಅಲ್ಲಿ ಡಾಕ್ಟರ್ ಗುರುಪ್ರಸಾದ. ಎಂಟನೇ ಕ್ಲಾಸಿನಲ್ಲಿ ಬೀಜಗಣಿತದ ಪೀರಿಯಡ್ಡಿಗೆ ಸರಿಯಾಗಿ ಅವನಿಗೆ ಹೊಟ್ಟೆನೋವು ಬರುತ್ತಿತ್ತು.

"ವಾಕಿಂಗ್ ಮಾಡ್ತೀರಾ ಮಿಸ್?"

"ಮಾಡ್ತೀನಲ್ಲ."

"ಎಷ್ಟು?"

"ತರಕಾರಿ ಅಂಗಡಿವರೆಗೆ."

"ಬರ್ತಾ?"

"ಬರ್ತಾ ಆಟೋ. ಚೀಲ ಭಾರ ಇರುತ್ತಲ್ಲೋ."

ಅವನು ಪೆನ್ನು ಕೆಳಗಿಟ್ಟ. ಊರಿನ ಒಂದು ಜಿಮ್ಮಿನ ಹಿಂದೆ ಸ್ಕ್ವಾಷ್ ಕೋರ್ಟ್ ಇದೆ, ನಾವೆಲ್ಲ ಸೇರಿ ಲೀಗ್ ಮಾಡಿಕೊಂಡಿದ್ದೀವಿ, ಹನ್ನೊಂದು ಜನ ಇದ್ದೀವಿ, ನೀವು ಬಂದರೆ ಡಜನ್ ಆಗುತ್ತೆ ಎಂದ. ಮೊಟ್ಟೆಯ ಲೆಕ್ಕದಲ್ಲಿ ಕರೆದರೂ ಕರೆದದ್ದು ನಿಜ. ಇಲ್ಲ ಎನ್ನಲಿಕ್ಕೆ ಬಾಯಿ ತೆರೆದವಳು "ಎಷ್ಟೊತ್ತಿಗೆ ಬರಬೇಕು?" ಎಂದು ಕೇಳಿದೆ.

ಹಾಗೆ ಕೇಳಿದ್ದಕ್ಕೆ ಕಾರಣ ಶುಗರ್ ಅಲ್ಲ. ನನಗೆ ಮೂವರು ಅಣ್ಣಂದಿರು. ನಮ್ಮ ದುರ್ಗಿಗುಡಿಯ ಬೀದಿಯಲ್ಲಿ ಸಂಜೆಯಾದರೆ ಲಗೋರಿ. ಅಮ್ಮ ಒಳಗಿಂದ "ಅವಳನ್ನೂ ಸೇರಿಸ್ಕೊಳ್ರೋ" ಎಂದು ಕೂಗುವವರೆಗೂ ನಾನು ಕಟ್ಟೆಯ ಮೇಲೆ ಮೂತಿ ಊದಿಸಿಕೊಂಡು ಕೂತಿರುತ್ತಿದ್ದೆ. ಆಮೇಲೆ ಸೇರಿಸಿಕೊಳ್ಳುತ್ತಿದ್ದರು. ಆದರೆ ಅದು ಎಂಥ ಸೇರಿಸಿಕೊಳ್ಳುವುದು ಅಂತೀರಿ? ದೊಡ್ಡಣ್ಣ ಎರಡೂ ಕಡೆಯವರಿಗೆ ಕಣ್ಣು ಹೊಡೆದು "ಇವಳು ಸುಮ್ನೆ ಇರ್ತಾಳೆ" ಎನ್ನುತ್ತಿದ್ದ. ಅಂದರೆ ನಾನು ಓಡಬಹುದು, ಕೂಗಬಹುದು, ಕಲ್ಲು ಪೇರಿಸಬಹುದು. ನನ್ನ ಬೆನ್ನಿಗೆ ಮಾತ್ರ ಯಾರೂ ಚೆಂಡು ಹೊಡೆಯುವುದಿಲ್ಲ. ಚೆಂಡು ಹಿಡಿದವನ ಎದುರಿಗೇ ಹೋಗಿ ಬೆನ್ನು ತಿರುಗಿಸಿ ನಿಂತರೂ ಅವನು ನನ್ನನ್ನು ಬಳಸಿಕೊಂಡು ಹೋಗಿ ಹಿಂದಿನವನಿಗೆ ಹೊಡೆಯುತ್ತಿದ್ದ. ಅಕ್ಕಪಕ್ಕದ ಮಕ್ಕಳೆಲ್ಲ ಬೆನ್ನು ಉಜ್ಜಿಕೊಳ್ಳುತ್ತಾ ಮನೆಗೆ ಹೋಗುವರು. ನಾನು ಏಳು ವರ್ಷ ಒಮ್ಮೆಯೂ ಔಟಾಗಲಿಲ್ಲ. ಒಂದು ಸಂಜೆ "ನಂಗೂ ಹೊಡೀರಿ" ಎಂದು ಬೀದಿಯ ಮಧ್ಯೆ ಕೂತು ಅತ್ತದ್ದುಂಟು. ಹೊಡೆದರು ಎಂದು ಅಳುವ ಮಕ್ಕಳನ್ನು ಕಂಡಿದ್ದ ಅಮ್ಮ, ಹೊಡೆಯಲಿಲ್ಲ ಎಂದು ಅಳುವವಳಿಗೆ ಏನು ಹೇಳುವುದೆಂದು ತಿಳಿಯದೆ ಕೈಗೊಂದು ಚಕ್ಕುಲಿ ಕೊಟ್ಟರು. ಅರವತ್ತೊಂದನೇ ವಯಸ್ಸಿನಲ್ಲಿ "ಆಟಕ್ಕೆ ಬನ್ನಿ" ಎಂದವನಿಗೆ ಇಲ್ಲವೆನ್ನಲು ಆಗದ್ದು ಈ ಕಾರಣಕ್ಕೆ.

ಸ್ಕ್ವಾಷ್ ಅರ್ಥ ಮಾಡಿಕೊಳ್ಳುವುದು ಸುಲಭ. ಒಂದು ದೊಡ್ಡ ಕೋಣೆ, ಇಬ್ಬರು, ಎದುರಿಗೆ ಗೋಡೆ. ಸರದಿಯ ಮೇಲೆ ಗೋಡೆಗೆ ಚೆಂಡು ಹೊಡೆಯಬೇಕು. ಎರಡು ಸಲ ನೆಲ ಮುಟ್ಟುವುದರೊಳಗೆ ಹೊಡೆಯದಿದ್ದರೆ, ಅಥವಾ ಗೋಡೆಯ ಬುಡದಲ್ಲಿರುವ ತಗಡಿಗೆ ತಾಗಿಸಿದರೆ, ಅಂಕ ಎದುರಿನವರಿಗೆ. ಹನ್ನೊಂದು ಅಂಕಕ್ಕೆ ಒಂದು ಗೇಮ್, ಮೂರು ಗೇಮ್ ಗೆದ್ದವರಿಗೆ ಆಟ. ಕೋರ್ಟಿನ ಗಾಜಿನ ಬಾಗಿಲಿಗೆ ಹನ್ನೆರಡು ಹೆಸರಿನ ಪಟ್ಟಿ ಅಂಟಿಸಿದ್ದರು. ಮೇಲಿನವರನ್ನು ಸೋಲಿಸಿದರೆ ಅವರ ಜಾಗ ನಿಮಗೆ. ನನ್ನ ಹೆಸರು ಎಲ್ಲಕ್ಕಿಂತ ಕೆಳಗೆ, ಪಟ್ಟಿಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಬರೆದದ್ದು. ಮೇಲಿನ ಹನ್ನೊಂದರಲ್ಲಿ ಒಂಬತ್ತು ಹೆಸರುಗಳ ಹಾಜರಿಯನ್ನು ನಾನೇ ಒಂದು ಕಾಲದಲ್ಲಿ ಕೂಗಿದ್ದೆ.

ಚೆಂಡನ್ನು ಬಿಸಿ ಮಾಡುವ ಕೆಲಸ ಮಾತ್ರ ಕಷ್ಟದ್ದು. ಬೇರೆಯವರು ಐದು ನಿಮಿಷ ಗೋಡೆಗೆ ಬಾರಿಸಿ ಬಿಸಿ ಮಾಡುತ್ತಾರೆ. ಐದು ನಿಮಿಷ ಬಾರಿಸಿದರೆ ನನ್ನ ಆ ದಿನದ ಶಕ್ತಿಯೆಲ್ಲ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಚೆಂಡಿಟ್ಟು, ಆಮೇಲೆ ಕರವಸ್ತ್ರದಲ್ಲಿ ಸುತ್ತಿಕೊಂಡು ಓಡುತ್ತಿದ್ದೆ. ನಮ್ಮನೆಯವರು ರಿಟೈರ್ಡ್ ಪೋಸ್ಟ್ ಮಾಸ್ಟರ್. ಯಾವ ವಸ್ತು ಎಲ್ಲಿಗೆ ಸೇರಬೇಕು ಎಂಬ ವಿಷಯದಲ್ಲಿ ಬಹಳ ಶಿಸ್ತು. "ಮಾರಾಯ್ತಿ, ಇಡ್ಲಿಗೆ ರಬ್ಬರ್ ವಾಸನೆ ಬರ್ತಾ ಇದೆ" ಎಂದು ಎರಡು ದಿನ ಹೇಳಿ, ಮೂರನೆಯ ದಿನದಿಂದ ಅವಲಕ್ಕಿಗೆ ಬದಲಾಯಿಸಿಕೊಂಡರು.

ಮೊದಲ ಪಂದ್ಯದ ದಿನ ಎದುರಾಳಿ ಗುರುಪ್ರಸಾದನೇ. ಕೋರ್ಟಿನ ಬಾಗಿಲಲ್ಲಿ ಬಗ್ಗಿ ಕಾಲು ಮುಟ್ಟಿ, "ಆಶೀರ್ವಾದ ಮಾಡಿ ಮಿಸ್" ಎಂದ. "ಒಳ್ಳೇದಾಗಲಿ, ಗೆದ್ದು ಬಾ" ಎಂದು ಅಭ್ಯಾಸಬಲದಿಂದ ಹರಸಿಬಿಟ್ಟೆ. ನನ್ನ ಆಶೀರ್ವಾದಕ್ಕೆ ಎಷ್ಟು ಬಲವಿದೆ ಎಂಬುದು ಇಪ್ಪತ್ತು ನಿಮಿಷದಲ್ಲಿ ಗೊತ್ತಾಯಿತು. ಮೂರು ಗೇಮೂ ನಾನು ಗೆದ್ದಿದ್ದೆ.

ಮುಂದಿನ ವಾರ ಟೈಲ್ಸ್ ಅಂಗಡಿಯ ನವೀನ. ಪ್ರತಿ ಸಲ ಸರ್ವ್ ಮಾಡುವ ಮೊದಲು "ಹೊಡೀಲಾ ಮಿಸ್?" ಎಂದು ಕೇಳುತ್ತಿದ್ದ. ಚೆಂಡು ತಗಡಿಗೆ ಬಿತ್ತೋ ಇಲ್ಲವೋ ಎಂದು ಅನುಮಾನ ಬಂದಾಗಲೆಲ್ಲ "ನೀವೇ ಹೇಳಿ ಮಿಸ್" ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಅವನೂ ಸೋತ. ಒಬ್ಬ ವಕೀಲ, ಇಬ್ಬರು ಇಂಜಿನಿಯರುಗಳು, ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಒಬ್ಬ ಪ್ರೊಫೆಸರ್, ಎಲ್ಲರೂ ಸಾಲಾಗಿ ಸೋತರು. ನಾಲ್ಕು ತಿಂಗಳಲ್ಲಿ ನನ್ನ ಹೆಸರು ಅಂಚಿನಿಂದ ಮೂರನೇ ಸಾಲಿಗೆ ಹತ್ತಿತು.

ಈಗ ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಮೂವತ್ತು ವರ್ಷದ ಹುಡುಗ ಬೆವರೇ ಇಲ್ಲದೆ ಸೋಲುತ್ತಿರುವಾಗ, ಬೆವರಿನಲ್ಲಿ ತೊಯ್ದು ಗೆದ್ದ ನನಗೆ ಒಂದು ಕ್ಷಣವಾದರೂ ಅನುಮಾನ ಬರಬೇಡವೆ? ಬರಲಿಲ್ಲ. ಬದಲಿಗೆ ನಾನು ಹಣೆಗೆ ಕಟ್ಟಿಕೊಳ್ಳುವ ಪಟ್ಟಿ ಕೊಂಡುಕೊಂಡೆ. ಸೋತವರನ್ನು ನಿಲ್ಲಿಸಿಕೊಂಡು ಚೆಂಡು ಯಾವ ಕೋನದಲ್ಲಿ ಹೋಗಿ ಯಾವ ಕೋನದಲ್ಲಿ ಬರುತ್ತದೆಂದು ಗಾಜಿನ ಮೇಲೆ ಬೆರಳಲ್ಲಿ ಗೆರೆ ಎಳೆದು ವಿವರಿಸಿದೆ. ಪ್ರೊಫೆಸರ್ ನೋಟ್ಸ್ ಬರೆದುಕೊಳ್ಳುವುದೊಂದು ಬಾಕಿ. ಮನೆಯಲ್ಲಿ "ಬುದ್ಧಿಯಿಂದ ಆಡಬೇಕು, ಕಾಲಿನಿಂದಲ್ಲ" ಎಂದು ದಿನಾ ಹೇಳುತ್ತಿದ್ದೆ. ನಮ್ಮನೆಯವರು ಅವಲಕ್ಕಿ ತಿನ್ನುತ್ತಾ ಹೂಂಗುಟ್ಟುತ್ತಿದ್ದರು.

ಭದ್ರಾವತಿಯಲ್ಲಿ ಎರಡೂ ಊರಿನವರ ಟೂರ್ನಮೆಂಟ್ ಎಂದು ಗೊತ್ತಾದಾಗ ಮೊದಲು ಹೆಸರು ಕೊಟ್ಟವಳು ನಾನೇ. ಮಹಿಳೆಯರ ವಿಭಾಗಕ್ಕೆ ಬಂದದ್ದು ಎರಡೇ ಹೆಸರು, ಹಾಗಾಗಿ ನೇರವಾಗಿ ಫೈನಲ್. ಫೈನಲ್ ತಲುಪಿದ್ದೇನೆ ಎಂದು ನೆಂಟರಿಷ್ಟರಿಗೆಲ್ಲ ಫೋನ್ ಮಾಡಿದೆ. ಹೇಗೆ ತಲುಪಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಟೂರ್ನಮೆಂಟಿನ ಹಿಂದಿನ ಗುರುವಾರ, ಅಡುಗೆಮನೆಯಲ್ಲಿದ್ದಾಗ ಫೋನ್ ಟಿಣ್ ಎಂದಿತು. ನಮ್ಮ ಲೀಗಿನ ಗ್ರೂಪಿನಲ್ಲಿ ನವೀನನ ಮೆಸೇಜು.

"ಈ ವಾರ ಮಿಸ್‌ಗೆ ಸೋಲೋ ಸರದಿ ಯಾರ್ದು? ನಂದು ಹೋದ ವಾರನೇ ಆಯ್ತು. ಒಂದು ಗೇಮಲ್ಲಾದ್ರೂ ಎಂಟೊಂಬತ್ತರವರೆಗೆ ಬನ್ರೋ, ಇಲ್ದಿದ್ರೆ ಗೊತ್ತಾಗುತ್ತೆ."

ಎರಡು ಸಲ ಓದಿದೆ. ಮೂರನೆಯ ಸಲ ಓದಲು ಕನ್ನಡಕ ಒರೆಸಿಕೊಳ್ಳುವುದರೊಳಗೆ ಅದು ಅಳಿಸಿಹೋಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಕಣ್ಣಿನ ದೋಷ ಅಂದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ನವೀನ ಶಾಲೆಯಲ್ಲೂ ಹಾಗೇ, ತಪ್ಪು ಉತ್ತರಕ್ಕೆ ಪೂರ್ತಿ ವಿಧಾನ ಬರೆದು ತೋರಿಸುವವನು. ಇನ್ನೊಂದು ಮೆಸೇಜು ಹಾಕಿದ. "ಸಾರಿ ಮಿಸ್, ಇನ್ನೊಂದು ಗ್ರೂಪಿಗೆ ಹಾಕಕ್ಕೆ ಹೋಗಿ ಇಲ್ಲಿಗೆ ಬಂತು." ನಾನಿಲ್ಲದ ಇನ್ನೊಂದು ಗುಂಪೇ ಇದೆ ಎಂದು ತಿಳಿದದ್ದು ಹೀಗೆ.

ತುಂಬ ನೋವಾಯಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಐದು ನಿಮಿಷದ ಮೇಲೆ ನಮ್ಮನೆಯವರು ಹೊರಗಿನಿಂದ "ಟ್ಯಾಂಕ್ ಖಾಲಿ ಆಗುತ್ತೆ ಮಾರಾಯ್ತಿ" ಎಂದು ಕೂಗಿದರು, ನಿಲ್ಲಿಸಬೇಕಾಯಿತು. ಹುಡುಗರ ಮೇಲೆ ಸಿಟ್ಟು ಬರಲಿಲ್ಲ. ಮಿಸ್ಸನ್ನು ಸೋಲಿಸುವುದು ಹೇಗೆ ಎಂಬುದು ಅವರಿಗೆ ನಿಜಕ್ಕೂ ಗೊತ್ತಿಲ್ಲ. ನಾನೇ ಕಲಿಸಿರಲಿಲ್ಲ. ಆದರೆ ದುರ್ಗಿಗುಡಿಯ ಆ ಬೀದಿಯಿಂದ ಹೊರಟು ಐವತ್ತು ವರ್ಷ ನಡೆದು, ಮತ್ತೆ ಅದೇ ಬೀದಿಗೇ ಬಂದು ನಿಂತ ಹಾಗಾಗಿತ್ತು. ನಾಲ್ಕು ತಿಂಗಳಲ್ಲಿ ನೂರಾರು ಅಂಕ ಗಳಿಸಿದ್ದೆನಲ್ಲ, ಅದರಲ್ಲಿ ಒಂದಾದರೂ ನನ್ನದೇ? ಇಷ್ಟು ತಿಳಿದುಕೊಂಡರೆ ಸಾಕಾಗಿತ್ತು. ಭದ್ರಾವತಿಯ ಆ ಇನ್ನೊಬ್ಬ ಹೆಂಗಸಿಗೆ ನಾನು ಯಾರೆಂದು ಗೊತ್ತಿಲ್ಲ. ಹುಡುಗರು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆಂದರೂ ಒಪ್ಪದೆ ಬಸ್ಸು ಹತ್ತಿದ್ದು ಅದಕ್ಕೇ. ಕಂಡಕ್ಟರಿಗೆ ಸುಳ್ಳು ಹೇಳಿದ್ದೂ ಅದಕ್ಕೇ.

ಭದ್ರಾವತಿಯ ಕೋರ್ಟು ಬಹಳ ಹಳೆಯದು. ಊರಿನ ಉಕ್ಕಿನ ಕಾರ್ಖಾನೆಯ ದೊಡ್ಡ ಸಾಹೇಬರುಗಳಿಗೆಂದು ಯಾವ ಕಾಲದಲ್ಲೋ ಕಟ್ಟಿಸಿದ್ದು. ಗೋಡೆಯ ಗಾರೆಗೆ ಅಲ್ಲಲ್ಲಿ ತೇಪೆ, ಮೇಲೆ ನೋಡುವವರಿಗೊಂದು ಮರದ ಅಟ್ಟ. ಪಂದ್ಯ ನೋಡಲು ಬಂದ ಅಕ್ಕಪಕ್ಕದ ಹೆಂಗಸರು ಚಪ್ಪಲಿಯನ್ನು ಕೆಳಗೆ ಸಾಲಾಗಿ ಬಿಟ್ಟು ಅಟ್ಟ ಹತ್ತಿ ಕೂತಿದ್ದರು. ನನ್ನ ಎದುರಾಳಿ ಸೆಲ್ವಿ, ಮಾಚೇನಹಳ್ಳಿಯ ಒಂದು ಫೌಂಡ್ರಿಯ ಕ್ಯಾಂಟೀನ್ ನೋಡಿಕೊಳ್ಳುವವಳು. ಐವತ್ತು ದಾಟಿದ ವಯಸ್ಸು, ಗಟ್ಟಿ ಆಳು. ಚೂಡಿದಾರದ ದುಪಟ್ಟಾವನ್ನು ಅಡ್ಡಲಾಗಿ ಎಳೆದು ಸೊಂಟಕ್ಕೆ ಬಿಗಿದಿದ್ದಳು. ರಾಕೆಟ್ ಹಿಡಿದ ರೀತಿ ನೋಡಿದರೆ ಅದು ಅವಳ ಮನೆಯ ಸೌಟು.

ಆಗ ನೋಡುತ್ತೇನೆ, ಗುರುಪ್ರಸಾದ ಮೆಲ್ಲಗೆ ಸೆಲ್ವಿಯ ಕಡೆ ನಡೆಯುತ್ತಿದ್ದಾನೆ. ಅವನ ಹಿಂದೆ ನವೀನ. ಏನು ಹೇಳಲು ಹೊರಟಿದ್ದಾರೆಂದು ತಿಳಿಯದಷ್ಟು ದಡ್ಡಿ ನಾನಲ್ಲ.

"ಗುರು."

ಹಳೆಯ ದನಿ, ತಾನಾಗಿ ಬಂತು. ಇಬ್ಬರೂ ನಿಂತರು.

"ಎಲ್ಲಿಗೋ ಹೊರಟೆ?"

"ಸುಮ್ನೆ ಮಿಸ್, ಪರಿಚಯ ಮಾಡ್ಕೊಳ್ಳೋಣ ಅಂತ."

"ಹೊರಗೆ ಹೋಗಿ ನಿಂತ್ಕೋ. ನವೀನ, ನೀನೂ. ನಾನು ಕರೆಯೋವರೆಗೂ ಒಳಗೆ ಬರಬಾರದು."

ಊರಿಗೆ ಹೆಸರಾದ ಡಾಕ್ಟರು ಮತ್ತು ಮೂರು ಟೈಲ್ಸ್ ಅಂಗಡಿಗಳ ಒಡೆಯ ಹೊರಗೆ ಹೋಗಿ, ಚಪ್ಪಲಿಗಳ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನಿಂತರು.

ಆಟ ಶುರುವಾಯಿತು. ಅದನ್ನು ಆಟ ಎಂದದ್ದು ನನ್ನ ದೊಡ್ಡತನ. ಸೆಲ್ವಿ ಕೋರ್ಟಿನ ನಡುವೆ ನಿಂತುಕೊಂಡು ನನ್ನನ್ನು ನಾಲ್ಕು ಮೂಲೆಗೂ ಓಡಿಸಿದಳು. ಎದುರು ಗೋಡೆಯ ಹತ್ತಿರಕ್ಕೆ ಓಡಿದರೆ ಚೆಂಡು ಹಿಂದಿನ ಮೂಲೆಯಲ್ಲಿ, ಹಿಂದಕ್ಕೆ ಓಡಿದರೆ ಮುಂದೆ. ನಾನು ಗಾಜಿನ ಮೇಲೆ ಗೆರೆ ಎಳೆದು ಕಲಿಸಿದ ಕೋನಗಳಲ್ಲಿ ಒಂದನ್ನೂ ಆ ಚೆಂಡು ಒಪ್ಪಲಿಲ್ಲ. ಮೊದಲ ಗೇಮ್ ಹನ್ನೊಂದು ಒಂದು. ಆ ಒಂದೂ ಅವಳು ತಗಡಿಗೆ ಹೊಡೆದದ್ದರಿಂದ ಬಂದದ್ದು. ಅಟ್ಟದ ಮೇಲಿನ ಹೆಂಗಸರು ನನಗಾಗಿ ಲೊಚ್‌ಗುಟ್ಟುವುದು ಕೇಳಿಸುತ್ತಿತ್ತು.

ಎರಡನೆಯ ಗೇಮಿನಲ್ಲಿ ಅದು ಆಯಿತು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಾನು ನಡುವೆ ನಿಂತಿದ್ದೆ, ಸೆಲ್ವಿ ನನ್ನ ಹಿಂದಿದ್ದಳು. ಫಟ್ ಎಂದು ಸದ್ದಾಯಿತು, ಬೆನ್ನಿನ ಮಧ್ಯೆ ಒಲೆಯಿಂದ ತೆಗೆದ ಬೆಂಕಿಕೊಳ್ಳಿ ಇಟ್ಟ ಹಾಗಾಯಿತು. ಬಿಸಿಯಾದರೆ ಪುಟಿಯುತ್ತದೆ ಎಂದು ಕಂಡಕ್ಟರಿಗೆ ಹೇಳಿದ್ದೆನಲ್ಲ, ನಿಜವಾಗಿಯೂ ಪುಟಿಯುತ್ತದೆ. ನಾನು ಉಸಿರು ಹಿಡಿದು ನಿಂತೆ. ಸೆಲ್ವಿ ಹತ್ತಿರ ಬಂದು, "ಸಾರಿಮ್ಮಾ. ಮಧ್ಯ ನಿಂತ್ರೆ ಬೀಳುತ್ತಮ್ಮಾ" ಎಂದಳು. ಆಮೇಲೆ ಅಷ್ಟೇ ನಿರಾಳವಾಗಿ, "ಪಾಯಿಂಟ್ ನಂದು. ಬಾಲ್ ಸೀದಾ ಗೋಡೆಗೆ ಹೋಗ್ತಾ ಇತ್ತು, ನೀವು ಅಡ್ಡ ಇದ್ರಿ" ಎಂದು ಸರ್ವ್ ಮಾಡಲು ಹೋದಳು.

ಪೆಟ್ಟು ನನಗೆ, ಅಂಕ ಅವಳಿಗೆ. ರೂಲ್ಸ್ ಪ್ರಕಾರ ಅದು ಸರಿಯೇ. ನನಗೆ ಆದ ಸಂತೋಷ ಮಾತ್ರ ಯಾವ ರೂಲ್ಸ್ ಪುಸ್ತಕದಲ್ಲೂ ಇಲ್ಲ. ನಗು ಬಂತು, ತಡೆಯಲಾಗಲಿಲ್ಲ. ಮುದುಕಿಗೆ ತಲೆಗೇನಾದರೂ ಬಿತ್ತೇ ಎಂದು ಅಟ್ಟದ ಮೇಲಿನವರು ಬಗ್ಗಿ ನೋಡಿದರು. ಆ ಹುರುಪಿನಲ್ಲಿ ಎರಡು ಅಂಕ ಗೆದ್ದೆ. ಒಂದರಲ್ಲಿ ಚೆಂಡು ಪಕ್ಕದ ಗೋಡೆ ಮತ್ತು ನೆಲ ಸೇರುವ ಸಂದಿಗೆ ಬಿದ್ದು, ಪುಟಿಯದೆ ಉರುಳಿ ಹೋಯಿತು. ನಾನು ಗುರಿ ಇಟ್ಟದ್ದು ಬೇರೆ ಕಡೆಗೆ, ಅದನ್ನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಹನ್ನೊಂದು ಮೂರು, ಹನ್ನೊಂದು ಎರಡು. ಒಟ್ಟು ಆರು ಅಂಕ.

ಹೊರಗೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಟೀ ಕುಡಿದೆವು. ಹುಡುಗರಿಬ್ಬರೂ ಇನ್ನೂ ಗೋಡೆಗೆ ಒರಗಿ ನಿಂತೇ ಇದ್ದರು. ಕರೆಯುವುದನ್ನು ಮರೆತಿದ್ದೆ. ಸೆಲ್ವಿ ಅವರನ್ನು ನೋಡಿ, "ಅವರ್ಯಾಕಮ್ಮಾ ಅಲ್ಲೇ ನಿಂತಿದ್ದಾರೆ?" ಎಂದು ಕೇಳಿದಳು.

"ನನ್ನ ಸ್ಟೂಡೆಂಟ್ಸು."

ಅವಳು ಟೀ ಲೋಟ ಕೆಳಗಿಟ್ಟಳು. "ನೀವು ಟೀಚರಾ? ಎಲ್ಲಿ?"

ಇಷ್ಟೂ ದೂರ ಬಂದು, ಇಷ್ಟೂ ಪೆಟ್ಟು ತಿಂದು, ಕೊನೆಗೆ ಇವಳೂ ಬಿಟ್ಟುಕೊಟ್ಟಿದ್ದರೆ? ಶಿವಮೊಗ್ಗ, ಮಧ್ಯೆ ಎರಡು ವರ್ಷ ಇಲ್ಲೇ ಭದ್ರಾವತಿಯಲ್ಲಿ, ಗಣಿತ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಾ, "ನಮ್ಮ ಹುಡುಗ ಕಾರ್ತಿಕ್ ಗೊತ್ತಾ ನಿಮಗೆ? ಮ್ಯಾಥ್ಸ್‌ನಲ್ಲಿ ನೂರಕ್ಕೆ ಹದಿನೇಳು ಮಾರ್ಕ್ಸ್ ಕೊಟ್ಟಿದ್ರಲ್ಲ, ಆ ಮಿಸ್ ನೀವೇನಾ? ಆಗ ಸ್ಕೂಲಿಗೆ ಅವರಪ್ಪ ಬರ್ತಿದ್ರು, ನಾನು ಬಂದಿರಲಿಲ್ಲ" ಎಂದಳು.

ಕಾರ್ತಿಕ್ ನೆನಪಾದ. ಹದಿನೇಳರಲ್ಲಿ ಎರಡು ನಾನು ಕನಿಕರದಿಂದ ಹಾಕಿದ್ದು.

"ಸೆಲ್ವಿ, ನಿಜ ಹೇಳು. ಆಟಕ್ಕೆ ಮುಂಚೆ ನಾನು ಯಾರು ಅಂತ ನಿಂಗೆ ಗೊತ್ತಿತ್ತಾ? ಆ ಆರು ಪಾಯಿಂಟು ನೀನು ಬಿಟ್ಟುಕೊಟ್ಟಿದ್ದಾ?"

ಅವಳ ಮುಖ ಗಂಭೀರವಾಯಿತು. "ನಮ್ಮಪ್ಪ ಇದೇ ಕೋರ್ಟ್ ಗುಡಿಸ್ತಿದ್ರಮ್ಮಾ. ಸಾಹೇಬ್ರಿಗೆ ಜೊತೆ ಸಿಗದೇ ಇದ್ರೆ ಅಪ್ಪನ್ನ ಕರೀತಿದ್ರು. ಅಪ್ಪ ಅವರೆಲ್ಲರಿಗಿಂತ ಚೆನ್ನಾಗಿ ಆಡ್ತಿದ್ರು. ಆದ್ರೆ ದಿನಾ ಸೋಲಬೇಕಿತ್ತು. ಮನೆಗೆ ಬಂದು ಮಾತೇ ಆಡ್ತಿರಲಿಲ್ಲ. ನಾನು ಯಾರಿಗೂ ಬಿಟ್ಟುಕೊಡಲ್ಲಮ್ಮಾ." ಲೋಟ ಎತ್ತಿಕೊಂಡು ಸೇರಿಸಿದಳು. "ಅದೂ ಹದಿನೇಳು ಕೊಟ್ಟ ಮಿಸ್ ನೀವು ಅಂತ ಮೊದಲೇ ಗೊತ್ತಿದ್ದಿದ್ರೆ, ಆ ಆರೂ ಸಿಗ್ತಿರಲಿಲ್ಲ."

ಅಷ್ಟು ದೊಡ್ಡ ಬಹುಮಾನ ನನಗೆ ಯಾರೂ ಕೊಟ್ಟಿಲ್ಲ.

ಮನೆಗೆ ಬಂದು ನಮ್ಮನೆಯವರಿಗೆ ಬೆನ್ನು ತೋರಿಸಿದೆ. ಗುಂಡಗೆ, ಕೆಂಪಗೆ, ಪೋಸ್ಟಾಫೀಸಿನ ಮೊಹರು ಒತ್ತಿದ ಹಾಗಿದೆ ಎಂದರು. ಮುಲಾಮು ಹಚ್ಚಲು ಬಂದವರನ್ನು ತಡೆದು, ಮೊದಲು ಫೋಟೋ ತೆಗೆಯಿರಿ ಎಂದೆ. ಆ ಫೋಟೋವನ್ನು ಮೂವರು ಅಣ್ಣಂದಿರಿಗೂ ಕಳಿಸಿದೆ. ದೊಡ್ಡಣ್ಣ ಗಾಬರಿಯಾಗಿ ಫೋನ್ ಮಾಡಿ "ಏನೇ ಇದು, ಯಾರು ಹೊಡೆದ್ರು?" ಎಂದ. "ನೀನಂತೂ ಅಲ್ಲ" ಎಂದೆ.

ಲೀಗಿನ ಗ್ರೂಪಿಗೆ ಒಂದು ಮೆಸೇಜು ಹಾಕಿದೆ. ಮಂಗಳವಾರ ಗುರುಪ್ರಸಾದನ ಜೊತೆ ನನ್ನ ಪಂದ್ಯ. ಇನ್ನು ಮೇಲೆ ಬೇಕೆಂದು ಸೋತವರು "ನಾನು ಮಿಸ್‌ಗೆ ಬಿಟ್ಟುಕೊಡುವುದಿಲ್ಲ" ಎಂದು ನೂರು ಸಲ ಬರೆದು, ಮನೆಯವರ ಸಹಿ ಹಾಕಿಸಿಕೊಂಡು ತರಬೇಕು. ಆಮೇಲೆ ಒಬ್ಬೊಬ್ಬರಾಗಿ "ಆಯ್ತು ಮಿಸ್" ಎಂದರು. ನಾನಿಲ್ಲದ ಗುಂಪಿಗೂ ನನ್ನನ್ನು ಸೇರಿಸಿಕೊಂಡರು. ಅಲ್ಲಿ ಈಗ ಯಾರೂ ಏನೂ ಹಾಕುವುದಿಲ್ಲ. ಮೂರನೆಯದೊಂದು ಶುರುವಾಗಿದೆ ಎಂದು ನನ್ನ ಗುಮಾನಿ.

ಮಂಗಳವಾರ ಗುರುಪ್ರಸಾದ ಕಾಲು ಮುಟ್ಟಲು ಬಂದ. ಬೇಡ ಎಂದೆ. ಮೊದಲ ಗೇಮಿನಲ್ಲಿ ಪ್ರತಿ ಹೊಡೆತಕ್ಕೂ ನನ್ನ ಮುಖ ನೋಡುತ್ತಿದ್ದ, ಎರಡನೆಯದರಲ್ಲಿ ನೋಡುವುದನ್ನು ಬಿಟ್ಟ, ಮೂರನೆಯದನ್ನು ಹನ್ನೊಂದು ಸೊನ್ನೆಯಲ್ಲಿ ಗೆದ್ದ. ಗೆದ್ದವನ ಕಣ್ಣಲ್ಲಿ ನೀರಿತ್ತು. ಸೋತವಳು "ಶಭಾಷ್" ಎಂದು ಅವನ ಬೆನ್ನು ತಟ್ಟಿದೆ. ಆಮೇಲೆ ಉಳಿದವರೂ ವಾರಕ್ಕೊಬ್ಬರಂತೆ ಹೊಡೆದು ಹಾಕಿದರು. ನವೀನ ಮಾತ್ರ ಈಗಲೂ "ಹೊಡೀಲಾ ಮಿಸ್?" ಎಂದು ಕೇಳಿಯೇ ಹೊಡೆಯುತ್ತಾನೆ.

ಮೊನ್ನೆ ಹೋದಾಗ ಗಾಜಿನ ಬಾಗಿಲಿಗೆ ಹೊಸ ಪಟ್ಟಿ ಅಂಟಿಸಿದ್ದರು. ಈ ಸಲ ನನ್ನ ಹೆಸರು ಅಂಚಿನಲ್ಲಿಲ್ಲ, ಉಳಿದವರ ಸಾಲಿನಲ್ಲೇ ನೆಟ್ಟಗೆ ಕೂತಿದೆ. ಮೇಲಿನಿಂದ ಬೆರಳಿಟ್ಟು ಎಣಿಸುತ್ತಾ ಬಂದೆ. ಹನ್ನೆರಡು ಜನ, ನಾನು ಹನ್ನೆರಡನೆಯವಳು. ಗಣಿತದವಳಲ್ಲವೆ, ಇನ್ನೊಮ್ಮೆ ಎಣಿಸಿದೆ. ನನ್ನನ್ನು ಬಿಟ್ಟು ಎಣಿಸಿದರೆ ಹನ್ನೊಂದೇ ಆಗುತ್ತದೆ.